ತಾಳ ತಪ್ಪದ ಕಾಗೆ

“ಇನ್ನೊಮ್ಮೆ ಹಾಕು,” ಎಂದರು ಹರಿಣಾಕ್ಷಿ.

ಜಾಯ್ಸ್ ಮೌಸ್ ಒತ್ತಿದಳು. ಹೆಡ್‌ಫೋನಿನೊಳಗೆ ಇಡಕ್ಕ ಮತ್ತೆ ಮಾತಾಡಿತು. ಹೆಗಲಿಗೆ ತೂಗುಹಾಕಿ, ತೆಳ್ಳನೆಯ ಒಂದೇ ಕೋಲಿನಿಂದ ಬಾರಿಸುವ ಕೇರಳದ ಪುಟ್ಟ ಚರ್ಮವಾದ್ಯ. ಎಂಟು ಸೆಕೆಂಡಿಗೆ ಮುಗಿಯಿತು.

“ಇನ್ನೊಮ್ಮೆ.”

ಇದು ಏಳನೆಯ ಸಲ. ತಿರುವನಂತಪುರದ ಕಳಕ್ಕೂಟದಲ್ಲಿ, ಜಾಯ್ಸಳ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, 2007ರ ಒಂದು ಶನಿವಾರದ ಮಧ್ಯಾಹ್ನದ ಸೆಕೆ ತುಂಬಿತ್ತು. ಫ್ಯಾನಿನ ಸದ್ದು ಅಡ್ಡಬರುತ್ತದೆಂದು ಹರಿಣಾಕ್ಷಿಯೇ ಅದನ್ನು ಆರಿಸಿದ್ದರು. ಹಣೆಯ ಬೆವರು ಕನ್ನಡಕದ ಅಂಚಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಮೈಸೂರಿನಿಂದ ಬಂದು ಇಲ್ಲಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತಿದ್ದ ಇಪ್ಪತ್ತಾರರ ಜಾಯ್ಸ್, ತನ್ನ ಮೊದಲ ಸಿನಿಮಾ ಹಾಡಿಗಾಗಿ ಫೋರ್ಟ್ ಕೊಚ್ಚಿಯ ಸಂಗೀತ ನಿರ್ದೇಶಕ ರಾಮದಾಸರ ಇಡಕ್ಕದ ರೆಕಾರ್ಡಿಂಗ್ ಕದ್ದಳೆಂಬ ದಾವೆ ದಾಖಲಾಗಿ ಹತ್ತು ದಿನವಾಗಿತ್ತು. ಸೋಮವಾರ ಎರ್ನಾಕುಳಂ ಕೋರ್ಟಿನಲ್ಲಿ ವಿಚಾರಣೆ.

ಹರಿಣಾಕ್ಷಿ ಅವಳ ವಕೀಲೆ. ಕಾಸರಗೋಡಿನವರು, ಇಪ್ಪತ್ತೆರಡು ವರ್ಷದಿಂದ ಎರ್ನಾಕುಳಂನಲ್ಲಿ ವಕೀಲಿಕೆ. ಕಾಗದ ಓದಿ ವಾದ ಮಾಡುವ ಜಾತಿಯಲ್ಲ. ಕಳ್ಳತನದ ಕೇಸಾದರೆ ಬೀಗ ತಾವೇ ನೋಡಬೇಕು, ಅಪಘಾತದ ಕೇಸಾದರೆ ತಿರುವಿನಲ್ಲಿ ತಾವೇ ನಿಲ್ಲಬೇಕು. ಪೊಲೀಸರು ಅವರನ್ನು ಕಂಡರೆ ಕಡತ ಮುಚ್ಚಿಕೊಳ್ಳುವುದು ಅದಕ್ಕೇ.

ಹರಿಣಾಕ್ಷಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

“ರಾಮದಾಸ ಕೋರ್ಟಿಗೆ ಕೊಟ್ಟ ಹಾಡಿನ ಇಡಕ್ಕ, ನಿನ್ನ ಕಂಪ್ಯೂಟರಿನ ಈ ಇಡಕ್ಕ, ಎರಡೂ ಒಂದೇ ಕೈ. ಹೋಲಿಕೆ ಅಲ್ಲ, ಒಂದೇ. ಐದನೇ ಪೆಟ್ಟಿಗೆ ಕೋಲು ಸ್ವಲ್ಪ ಜಾರ್ತದೆ. ಇಲ್ಲಿಯೂ ಜಾರ್ತದೆ, ಅಲ್ಲಿಯೂ ಜಾರ್ತದೆ. ಗೆಳೆಯ ಒಬ್ಬ ಬಾರಿಸಿದ್ದು ಅಂತ ನೀನು ನನಗೆ ಹೇಳಿದ್ದು ಸುಳ್ಳು.”

ಜಾಯ್ಸ್ ಮೌಸಿನಿಂದ ಕೈ ತೆಗೆದಳು.

“ನೋಡು, ಎದುರು ಪಕ್ಷದವರ ಸುಳ್ಳಾದರೆ ನಾನು ಹೇಗಾದರೂ ಎದುರಿಸ್ತೇನೆ. ನನ್ನ ಕಕ್ಷಿಗಾರಳ ಸುಳ್ಳು ನನ್ನನ್ನು ಮುಳುಗಿಸ್ತದೆ. ಕದ್ದದ್ದಾ?”

“ಇಲ್ಲ ಮೇಡಂ.”

“ಮತ್ತೆ?”

ಜಾಯ್ಸ್ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಬಟ್ಟೆಗಳ ಅಡಿಯಿಂದ ತೆಗೆದು ತಂದದ್ದು ಒಂದು ಸಿಡಿಯ ಡಬ್ಬಿ. ಮೇಲೆ ತೆಂಗಿನಮರ, ದೀಪ, ಚೆಂಡೆಗಳ ಬಣ್ಣಗೆಟ್ಟ ಚಿತ್ರ. ‘ಕೇರಳದ ತಾಳಗಳು: ನೂರು ಲೂಪುಗಳು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೆಳಗೆ ತಿರುವನಂತಪುರದ ಒಂದು ಕಂಪನಿಯ ಹೆಸರು.

“ಲೂಪು ಅಂದ್ರೆ ಮೇಡಂ, ಯಾರೋ ಬಾರಿಸಿ ಮೊದಲೇ ರೆಕಾರ್ಡ್ ಮಾಡಿಟ್ಟ ಚೂರು. ಕೊಂಡುಕೊಂಡೋರು ಅದನ್ನ ತಮ್ಮ ಹಾಡಲ್ಲಿ ಸುತ್ತಿಸಬಹುದು. ಇದರಲ್ಲಿ ಅರವತ್ತಮೂರನೇದು ಆ ಇಡಕ್ಕ. ಎರ್ನಾಕುಳಂ ಎಂ.ಜಿ. ರೋಡಿನ ಅಂಗಡೀಲಿ ತಗೊಂಡಿದ್ದು.”

ಹರಿಣಾಕ್ಷಿ ಡಬ್ಬಿ ತೆರೆದರು. ಒಳಗೆ ಒಂದು ಚೀಟಿ. ಈ ಸದ್ದುಗಳನ್ನು ಕೊಂಡವರು ತಮ್ಮ ಸಂಗೀತದಲ್ಲಿ ಬೇರೆ ಅನುಮತಿಯಿಲ್ಲದೆ ಬಳಸಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ಅವರು ಅದನ್ನು ಇನ್ನೊಮ್ಮೆ ಓದಿದರು. ಇದು ಬರಿಯ ಚೀಟಿಯಲ್ಲ, ಕೇಸಿನ ಕೀಲಿಕೈ.

“ಇದು ನಿನ್ನ ಹತ್ತಿರ ಇದ್ದೂ ಹತ್ತು ದಿನ ಬಟ್ಟೆಯಡಿಯಲ್ಲಿ ಇಟ್ಟೆ. ಎಂತಕ್ಕೆ ಮಾರಾಯ್ತಿ?”

“ನಾಚಿಕೆ ಮೇಡಂ.” ಜಾಯ್ಸ್ ನೆಲ ನೋಡುತ್ತ ಹೇಳಿದಳು. “ಡೈರೆಕ್ಟರ್ ಹಾಡು ಕೇಳಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಇಡಕ್ಕ ಬಾರಿಸಿದ್ದು ಯಾರು ಅಂದ್ರು. ಅಂಗಡಿ ಸಿಡಿ ಅಂತ ಹೇಳೋಕೆ ಬಾಯಿ ಬರಲಿಲ್ಲ, ನನ್ನ ಫ್ರೆಂಡ್ ಅಂದ್ಬಿಟ್ಟೆ. ಈಗ ನಿಜ ಹೇಳಿದ್ರೆ ಕಳ್ಳಿ ಅನ್ನಲ್ಲ, ಸರಿ. ಆದ್ರೆ ಯಾರದೋ ಅಡುಗೆ ತಂದು ಬಿಸಿ ಮಾಡಿ ಬಡಿಸಿದಳು ಅಂತಾರೆ. ಅದು ಇನ್ನೂ ಕಷ್ಟ.”

ಹರಿಣಾಕ್ಷಿ ಡಬ್ಬಿ ಮುಚ್ಚಿದರು. ನಿಜ ಹೇಳಬೇಕೆಂದರೆ, ಅವರಿಗೂ ಒಳಗೊಳಗೆ ಹಾಗೆಯೇ ಅನ್ನಿಸಿತ್ತು. ಸಿದ್ಧ ಸದ್ದು ಜೋಡಿಸಿದರೆ ಅದರಲ್ಲಿ ಇವಳದೆಂಬುದು ಏನು ಉಳಿಯಿತು?

“ನೀನು ಅದನ್ನು ಎಂತ ಮಾಡಿದ್ದು ಅಂತ ನನಗೆ ತೋರಿಸು,” ಎಂದರು. “ಮೊದಲಿನಿಂದ.”

ಜಾಯ್ಸ್ ಕುರ್ಚಿ ಎಳೆದುಕೊಂಡಳು. ಪರದೆಯ ಮೇಲೆ ಎಂಟು ಸೆಕೆಂಡಿನ ಸದ್ದು ಒಂದು ಪಟ್ಟಿಯಾಗಿ ಹರಡಿಕೊಂಡಿತು, ಏರಿಳಿತಗಳೆಲ್ಲ ಕಣ್ಣಿಗೆ ಕಾಣುವ ಹಾಗೆ.

“ಇದು ಸಿಡಿಯಲ್ಲಿ ಇದ್ದ ಹಾಗೆ. ಕುಣಿಯೋ ಥರ ಇದೆ, ಅಲ್ವಾ? ನನ್ನ ಸೀನಿನಲ್ಲಿ ಕುಣಿತ ಇರಲಿಲ್ಲ. ಕಡಲಿಗೆ ಹೋದ ಗಂಡ ಮೂರು ದಿನವಾದ್ರೂ ಬಂದಿಲ್ಲ. ಹೆಂಡತಿ ದಡದಲ್ಲಿ ನಿಂತಿದ್ದಾಳೆ. ಅಷ್ಟೇ.”

ಮೌಸ್ ಸರಿದಾಡಿತು. ಪಟ್ಟಿ ಹನ್ನೊಂದು ತುಂಡಾಯಿತು. ಕೊನೆಯ ಪೆಟ್ಟು ಮೊದಲಿಗೆ ಬಂತು. ನಡುವಿನ ಮೂರು ಪೆಟ್ಟುಗಳು ಮಾಯವಾದವು. ವೇಗ ಅರ್ಧಕ್ಕಿಳಿಯಿತು. ಕುಣಿಯುತ್ತಿದ್ದ ಇಡಕ್ಕ ಈಗ ಒಂದೊಂದೇ ಹೆಜ್ಜೆ ಇಟ್ಟು, ನಿಂತು, ಹಿಂದೆ ತಿರುಗಿ ನೋಡಿದಂತೆ ಕೇಳಿಸಿತು. ಪೆಟ್ಟು ತೆಗೆದ ಜಾಗಗಳಲ್ಲಿ ಮೌನ ಉಳಿದಿತ್ತು. ಹರಿಣಾಕ್ಷಿಗೆ ಆ ಮೌನವೇ ಹೆಚ್ಚು ಕೇಳಿಸಿತು.

“ಇನ್ನು ಇದು ಕೇಳಿ. ಸಿಡಿಯಲ್ಲೇ ಇದೆ, ತುಂಬಾ ಸಣ್ಣಗೆ.”

ಜಾಯ್ಸ್ ಸದ್ದು ಏರಿಸಿ ಒಂದು ಚೂರನ್ನು ಮಾತ್ರ ಹಾಕಿದಳು. ಇಡಕ್ಕದ ಎರಡು ಪೆಟ್ಟುಗಳ ನಡುವೆ, ಎಲ್ಲೋ ದೂರದಲ್ಲಿ, ಕಾ ಎಂದಿತು.

“ಕಾಗೆ,” ಎಂದರು ಹರಿಣಾಕ್ಷಿ.

“ರೆಕಾರ್ಡ್ ಮಾಡುವಾಗ ಹೊರಗೆ ಎಲ್ಲೋ ಕೂಗಿದೆ. ಯಾರೂ ಅಳಿಸಿಲ್ಲ. ಇದನ್ನ ಅರ್ಧ ವೇಗಕ್ಕೆ ಇಳಿಸ್ತೀನಿ ನೋಡಿ.”

ಕಾಗೆ ಮರೆಯಾಯಿತು. ಅದರ ಜಾಗದಲ್ಲಿ, ತುಂಬಾ ದೂರದ ದೋಣಿಯಿಂದ ಯಾರೋ ಯಾರನ್ನೋ ಕೂಗಿ ಕರೆದ ಹಾಗಿತ್ತು. ಗಂಡಸಿನ ದನಿ ಎಂದೇ ಹೇಳಬೇಕು. ಹರಿಣಾಕ್ಷಿ ಪರದೆಯತ್ತ ಬಾಗಿದರು.

“ಇದು ಕೇಳಿದ ಮೇಲೇ ನನಗೆ ಹಾಡು ಸಿಕ್ಕಿದ್ದು,” ಎಂದಳು ಜಾಯ್ಸ್. “ಪಲ್ಲವಿ ಶುರುವಾಗೋದೇ ಈ ಕೂಗಿಗೆ ಅವಳು ಓಗೊಡೋದ್ರಿಂದ.”

ಹರಿಣಾಕ್ಷಿ ಕಿಟಕಿಯ ಬಳಿ ಹೋಗಿ ನಿಂತರು. ಕೆಳಗೆ ರಸ್ತೆಯಲ್ಲಿ ಎರಡು ಕಂಪನಿ ಕ್ಯಾಬುಗಳು ಹಾರ್ನ್ ಹಾಕುತ್ತಿದ್ದವು.

“ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸೆಕ್ಷನ್ನನ್ನೂ ಬರೆದವಳಲ್ಲ,” ಎಂದರು. “ಎಲ್ಲ ಯಾರೋ ಬರೆದಿಟ್ಟದ್ದು. ಎದುರಿನ ವಕೀಲರ ಪುಸ್ತಕದಲ್ಲಿಯೂ ಅದೇ ಉಂಟು. ಹಾಗಂತ ನಾನು ವಾದ ಮಾಡುವಾಗ ಅದು ನನ್ನ ವಾದ ಅಲ್ಲ ಅಂತ ಯಾರೂ ಹೇಳಿದ್ದಿಲ್ಲ. ನೀನು ಇದಕ್ಕೆ ನಾಚಿಕೆ ಪಟ್ಟುಕೊಳ್ಳುದು ಸಾಕು.”

ಜಾಯ್ಸ್ ಮುಖ ಎತ್ತಿದಳು.

ಅಷ್ಟರಲ್ಲಿ ಹರಿಣಾಕ್ಷಿ ಗಕ್ಕನೆ ತಿರುಗಿದರು. ಚೀಲದಿಂದ ದಾವೆಯ ಪ್ರತಿ ಹೊರಬಂತು. ಪುಟಗಳು ಸರಸರನೆ ಮಗುಚಿದವು.

“ಒಂಬತ್ತನೇ ಪ್ಯಾರಾ. ಕೇಳು. ‘ವಾದಿಯ ಸ್ಟುಡಿಯೋದಲ್ಲಿ 2006ರ ಜನವರಿಯಲ್ಲಿ ನಾಲ್ಕು ನಿಮಿಷ ನಿರಂತರವಾಗಿ ಬಾರಿಸಿ ಧ್ವನಿಮುದ್ರಿಸಿದ ಇಡಕ್ಕ.’ ನಾಲ್ಕು ನಿಮಿಷ ಅಂದರೆ ಇನ್ನೂರ ನಲ್ವತ್ತು ಸೆಕೆಂಡು. ಎಂಟರಿಂದ ಭಾಗಿಸು.”

“ಮೂವತ್ತು.”

“ಅವನು ಕಾಗೆಯನ್ನು ಗಮನಿಸದೇ ಇದ್ದರೆ,” ಎಂದರು ಹರಿಣಾಕ್ಷಿ, “ನಾಳೆ ನಾವು ಅದನ್ನು ಮೂವತ್ತು ಸಲ ಕೇಳ್ತೇವೆ.”

ಹೋಗಲು ಕಾರಣವನ್ನು ರಾಮದಾಸರೇ ಒದಗಿಸಿದ್ದರು. ಕ್ಷಮಾಪಣೆ ಬರೆದುಕೊಟ್ಟು, ಹಾಡಿನಿಂದ ಜಾಯ್ಸ್ ಹೆಸರು ತೆಗೆದು ರಾಮದಾಸರ ಹೆಸರು ಹಾಕಿಸಿದರೆ ದಾವೆ ಹಿಂತೆಗೆಯುತ್ತೇವೆ, ಭಾನುವಾರ ಸ್ಟುಡಿಯೋಗೆ ಬಂದು ಮಾತಾಡಿ ಎಂದು ಅವರ ವಕೀಲರು ಪತ್ರ ಕಳಿಸಿದ್ದರು.

ಭಾನುವಾರ ಬೆಳಗಿನ ರೈಲು ಹಿಡಿದು ಇಬ್ಬರೂ ಎರ್ನಾಕುಳಂನಲ್ಲಿ ಇಳಿದರು. ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ದಾಟುವಾಗ ಜಾಯ್ಸ್ ಲ್ಯಾಪ್‌ಟಾಪಿನ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡಿದ್ದಳು.

ರಾಮದಾಸರ ಸ್ಟುಡಿಯೋ ಹಳೆಯ ಮೆಣಸಿನ ಗೋದಾಮೊಂದರ ಮಾಳಿಗೆಯಲ್ಲಿತ್ತು. ಬಾಗಿಲು ದಪ್ಪ, ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ಕಿಟಕಿಯೇ ಇಲ್ಲ. ರಾಮದಾಸರು ಐವತ್ತೆಂಟು ವರ್ಷದ, ಎತ್ತರವಾದ ಮನುಷ್ಯ. ಬಿಳಿ ಮುಂಡು, ಇಸ್ತ್ರಿ ಮಾಡಿದ ಷರ್ಟು. ಅವರೂ ಕಾಸರಗೋಡಿನ ಕಡೆಯವರೇ.

“ಬನ್ನಿ, ನಮ್ಮ ಊರಿನವರು,” ಎಂದರು ಹರಿಣಾಕ್ಷಿಗೆ. “ಕಾಗದ ರೆಡಿ ಉಂಟು. ಹುಡುಗಿ ಸೈನ್ ಮಾಡಿದರೆ ಮುಗೀತು. ಮೂವತ್ತು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ಒಂದು ಮಗುವಿನ ಜೀವನ ಹಾಳು ಮಾಡುವ ಆಸೆ ನನಗಿಲ್ಲ.”

“ಸೈನ್ ಮಾಡುವ ಮೊದಲು ನಿಮ್ಮ ಇಡಕ್ಕ ಒಮ್ಮೆ ಪೂರ್ತಿ ಕೇಳ್ಬಹುದಾ?”

“ಹಾಡು ಕೊಟ್ಟಿದ್ದೇನಲ್ಲ.”

“ಹಾಡಿನಲ್ಲಿ ಪಿಟೀಲು, ಕೋರಸ್ ಎಲ್ಲ ಉಂಟು. ಇಡಕ್ಕ ಒಂದೇ ಬೇಕಿತ್ತು. ನಾಲ್ಕು ನಿಮಿಷ.”

ರಾಮದಾಸ ನಕ್ಕು ಗುಂಡಿ ಒತ್ತಿದರು. ದೊಡ್ಡ ಸ್ಪೀಕರುಗಳಿಂದ ಇಡಕ್ಕ ಕೋಣೆಯನ್ನೆಲ್ಲ ತುಂಬಿತು. ಹರಿಣಾಕ್ಷಿ ಕಣ್ಣು ಮುಚ್ಚಿ ಕೂತರು. ಮಡಿಲಲ್ಲಿ ಪೆನ್ನು, ಹಾಳೆ. ಸ್ವಲ್ಪ ಹೊತ್ತಿನಲ್ಲೇ ಹಾಳೆಯ ಮೇಲೆ ಒಂದು ಗೀಟು ಬಿತ್ತು. ಮತ್ತೆ ಒಂದು. ಮತ್ತೆ ಒಂದು. ಜಾಯ್ಸ್ ಆ ಪೆನ್ನನ್ನೇ ನೋಡುತ್ತಿದ್ದಳು.

ಸದ್ದು ನಿಂತಾಗ ಹಾಳೆಯಲ್ಲಿ ಮೂವತ್ತು ಗೀಟುಗಳಿದ್ದವು.

“ಚೆನ್ನಾಗುಂಟು,” ಎಂದರು ಹರಿಣಾಕ್ಷಿ. “ಕಾಗೆ ಯಾರದು?”

“ಯಾವ ಕಾಗೆ?”

“ಎಂಟು ಸೆಕೆಂಡಿಗೊಮ್ಮೆ ಕೂಗ್ತದಲ್ಲ. ಮೂವತ್ತು ಸಲ, ಒಮ್ಮೆಯೂ ತಾಳ ತಪ್ಪಲಿಲ್ಲ. ಅಷ್ಟು ಲೆಕ್ಕ ಇರುವ ಕಾಗೆಯನ್ನು ನಾನು ಇದುವರೆಗೆ ಕಂಡಿಲ್ಲ. ಅದೂ ಕಿಟಕಿ ಇಲ್ಲದ ಕೋಣೆಯಲ್ಲಿ.”

ರಾಮದಾಸ ಮತ್ತೆ ಗುಂಡಿ ಒತ್ತಿದರು. ಸ್ಪೀಕರಿನ ಹತ್ತಿರ ಬಾಗಿದರು. ಕಾ. ಸ್ವಲ್ಪ ಹೊತ್ತು. ಕಾ. ಅವರ ಮುಖದ ಬಣ್ಣ ಬದಲಾದದ್ದನ್ನು ಜಾಯ್ಸ್ ನೋಡಿದಳು. ಒಂದೂವರೆ ವರ್ಷದಿಂದ ತಮ್ಮದೆಂದು ಹೇಳಿಕೊಂಡ ಹಾಡಿನಲ್ಲಿ ಅವರಿಗೆ ಆ ಹಕ್ಕಿ ಒಮ್ಮೆಯೂ ಕೇಳಿರಲಿಲ್ಲ.

“ನಾಲ್ಕು ನಿಮಿಷ ಬಾರಿಸಿದ್ದು ಅಂತ ಪ್ರಮಾಣ ಮಾಡಿದ್ದೀರಿ,” ಎಂದರು ಹರಿಣಾಕ್ಷಿ. “ಬಾರಿಸಿದ್ದು ಎಂಟೇ ಸೆಕೆಂಡು. ಉಳಿದದ್ದು ಕಂಪ್ಯೂಟರು.”

ರಾಮದಾಸ ನಿಧಾನವಾಗಿ ಕುರ್ಚಿಗೆ ಒರಗಿದರು.

“ಸರಿ. ಎಂಟು ಸೆಕೆಂಡನ್ನು ಸುತ್ತಿಸಿದ್ದೇನೆ. ಎಲ್ಲರೂ ಮಾಡ್ತಾರೆ, ಅಪರಾಧ ಅಲ್ಲ. ಆ ಎಂಟು ಸೆಕೆಂಡು ನನ್ನದು. ಇವಳು ಮಾಡಿದ್ದೆಂತ? ನಾನು ರೆಕಾರ್ಡ್ ಮಾಡಿದ್ದನ್ನು ಎತ್ತಿಕೊಂಡು ಹೋಗಿ ಕತ್ತರಿಸಿದಳು. ಕತ್ತರಿ ಇದ್ದವರೆಲ್ಲ ಸಂಗೀತ ನಿರ್ದೇಶಕರಾ?”

ಜಾಯ್ಸ್ ತಲೆತಗ್ಗಿಸುತ್ತಾಳೆಂದು ಹರಿಣಾಕ್ಷಿ ಅಂದುಕೊಂಡರು. ಅವಳು ಲ್ಯಾಪ್‌ಟಾಪು ತೆರೆದು, ಕೈ ಚಾಚಿ, ಸ್ಪೀಕರಿನ ವಯರನ್ನು ತಾನೇ ಸಿಕ್ಕಿಸಿದಳು.

“ಸಾರ್, ಒಂದು ಸಲ ಕೇಳಿ. ಆಮೇಲೆ ಏನು ಬೇಕಾದ್ರೂ ಹೇಳಿ.”

ದೂರದ ದೋಣಿಯಿಂದ ಯಾರೋ ಕರೆದರು. ದಡದಲ್ಲಿದ್ದ ಹೆಂಗಸು ಓಗೊಟ್ಟಳು. ಅದು ಜಾಯ್ಸಳದೇ ದನಿ. ಇಡಕ್ಕ ಹೆಜ್ಜೆ ಇಟ್ಟಿತು, ನಿಂತಿತು. ಕರೆಯುವ ದನಿ ಪ್ರತಿ ಸಲವೂ ಬೇರೆ ಜಾಗದಿಂದ ಬರುತ್ತಿತ್ತು, ಒಮ್ಮೆ ಎಡಕ್ಕೆ, ಒಮ್ಮೆ ಇನ್ನೂ ದೂರ. ಕೊನೆಯಲ್ಲಿ ಅದು ಬರಲೇ ಇಲ್ಲ. ಹೆಂಗಸು ಮಾತ್ರ ಓಗೊಡುತ್ತಲೇ ಇದ್ದಳು.

ಹಾಡು ಮುಗಿದ ಮೇಲೂ ರಾಮದಾಸ ಸ್ವಲ್ಪ ಹೊತ್ತು ಸ್ಪೀಕರನ್ನೇ ನೋಡುತ್ತಿದ್ದರು.

“ಆ ಕೂಗು ಎಲ್ಲಿಂದ ತಂದೆ?” ಎಂದು ಕೇಳಿದರು. ದನಿಯಲ್ಲಿ ಜಗಳವಿರಲಿಲ್ಲ.

“ನಿಮ್ಮ ಕಾಗೆನೇ ಸಾರ್.”

ಅವರ ಬಾಯಿ ಏನೋ ಹೇಳಲು ತೆರೆಯಿತು. ಮೆಚ್ಚುಗೆಯೇ ಇರಬೇಕು, ಹರಿಣಾಕ್ಷಿಗೆ ಹಾಗೇ ಕಂಡಿತು. ಆದರೆ ಅದು ಹೊರಬರುವಷ್ಟರಲ್ಲಿ ಅವರು ತಮ್ಮನ್ನು ತಡೆದುಕೊಂಡರು. ಎದ್ದು ಮೇಜಿನ ಡ್ರಾಯರು ಎಳೆದರು.

“ಇವಳಿಗೆ ಕಿವಿ ಉಂಟು, ಒಪ್ಪಿದೆ. ಕೋರ್ಟಿಗೆ ಕಿವಿ ಇಲ್ಲ, ಕಾಗದ ಬೇಕು. ನೋಡಿ.”

ಅದು ಪ್ರಮಾಣಪತ್ರ. ತಿರುವನಂತಪುರದ ಕರಮನದಲ್ಲಿ ವಾಸವಾಗಿರುವ ಇಡಕ್ಕ ಕಲಾವಿದ ವೆಂಕಪ್ಪ ಎಂಬ ನಾನು, 2006ರ ಜನವರಿಯಲ್ಲಿ ರಾಮದಾಸರ ಸ್ಟುಡಿಯೋದಲ್ಲಿ ಈ ಇಡಕ್ಕ ಬಾರಿಸಿದ್ದು ನಿಜ. ಕೆಳಗೆ ಸಹಿ, ನೋಟರಿಯ ಮುದ್ರೆ. ತಾರೀಕು ಎರಡು ವಾರದ ಹಿಂದಿನದು.

“ಅವಳ ಹತ್ತಿರ ಅಂಗಡಿ ಸಿಡಿ ಉಂಟು ಅಂತ ನೀವು ಹೇಳಬಹುದು,” ಎಂದರು ರಾಮದಾಸ. “ಅದರಲ್ಲಿ ವರ್ಷ ಇಲ್ಲ, ಬಾರಿಸಿದವರ ಹೆಸರಿಲ್ಲ. ಆ ಕಂಪನಿ ಮುಚ್ಚಿ ಹೋಗಿದೆ. ನನ್ನ ಚೂರನ್ನೇ ಕದ್ದು ಸಿಡಿ ಮಾಡಿದ್ದಾರೆ ಅಂತ ನಾನು ಹೇಳಿದರೆ ಎಂತ ಮಾಡ್ತೀರಿ? ನಾಳೆ ಹನ್ನೊಂದು ಗಂಟೆ ತನಕ ಸಮಯ ಉಂಟು. ಯೋಚನೆ ಮಾಡಿ.”

ಸಿಡಿಯ ಬಗ್ಗೆ ತಾವಿಬ್ಬರೂ ಇಲ್ಲಿ ಒಂದು ಮಾತೂ ಆಡಿರಲಿಲ್ಲ. ಹರಿಣಾಕ್ಷಿ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. ಪ್ರಮಾಣಪತ್ರದ ವಿಳಾಸವನ್ನು ಎರಡು ಸಲ ಓದಿ ಎದ್ದರು.

ಬೀದಿಗೆ ಬಂದದ್ದೇ ಅವರ ನಡಿಗೆ ಓಟವಾಯಿತು. ಜಾಯ್ಸ್ ಹಿಂದೆ ಓಡಿದಳು. ಮೀನಿನ ಬುಟ್ಟಿಗಳ ನಡುವೆ, ಕ್ಯಾಮೆರಾ ಹಿಡಿದ ಪ್ರವಾಸಿಗಳ ನಡುವೆ ನುಗ್ಗಿ ದೋಣಿಕಟ್ಟೆಯ ನೆರಳಿಗೆ ಬಂದು ಹರಿಣಾಕ್ಷಿ ಮೊಬೈಲು ತೆಗೆದು, ಫೋನ್ ನಂಬರು ವಿಚಾರಿಸುವ 197 ಒತ್ತಿದರು. ಕರಮನ, ವೆಂಕಪ್ಪ ಎಂದು ಎರಡು ಸಲ ಬಿಡಿಸಿ ಹೇಳಿದರು. ನಂಬರು ಸಿಕ್ಕಿತು. ಆ ಹೆಸರಿನಲ್ಲೇ ಫೋನಿತ್ತು.

“ನನ್ನ ಲ್ಯಾಪ್‌ಟಾಪ್ ಚೀಲದ ಮುಂದಿನ ಜೇಬಲ್ಲಿ ನೀರಿದೆ ಮೇಡಂ, ತಗೊಳ್ಳಿ,” ಎಂದಳು ಜಾಯ್ಸ್. “ಉಸಿರು ಬಿಡಿ ಸ್ವಲ್ಪ.”

“ಸಿಡಿ ವಿಷಯ ಅವನಿಗೆ ಗೊತ್ತುಂಟು. ಆಮೇಲೆ ನೀರು.”

ಐದಾರು ಸಲ ರಿಂಗಾಯಿತು.

“ಹಲೋ, ಆರಾ?” ಎಂದಿತು ಹೆಣ್ಣು ದನಿ.

ಹರಿಣಾಕ್ಷಿ ಮಲಯಾಳಂನಲ್ಲಿ ತಮ್ಮ ಹೆಸರು, ಊರು ಹೇಳಿದರು. ಕಾಸರಗೋಡು ಎಂದೊಡನೆ ಆ ಕಡೆಯ ದನಿ ತಡವರಿಸುತ್ತ ಕನ್ನಡಕ್ಕೆ ತಿರುಗಿತು.

“ನಾನು ಮಂದಾಕಿನಿ. ಕನ್ನಡ ಅರ್ಥ ಆಗ್ತದೆ ಚೇಚಿ... ಅಕ್ಕಾ, ಮಾತಾಡಿ ರೂಢಿ ಇಲ್ಲ. ಮನೆಯಲ್ಲಿ ಅಪ್ಪ ಮಾತ್ರ ಮಾತಾಡ್ತಿದ್ದದ್ದು.”

“ಅಪ್ಪ ಅಂದರೆ ವೆಂಕಪ್ಪನವರು? ಅವರ ಹತ್ತಿರ ಎರಡು ಮಾತು ಆಡ್ಬಹುದಾ?”

“ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತಲ್ಲ.”

ಹರಿಣಾಕ್ಷಿ ಕಟ್ಟೆಯ ಕಂಬವನ್ನು ಹಿಡಿದುಕೊಂಡರು. 2004ರಲ್ಲಿ ಸತ್ತ ಮನುಷ್ಯ 2006ರಲ್ಲಿ ಇಡಕ್ಕ ಬಾರಿಸಿ, ಎರಡು ವಾರದ ಹಿಂದೆ ನೋಟರಿಯ ಮುಂದೆ ಸಹಿ ಹಾಕಿದ್ದಾರೆ. ರಾಮದಾಸರ ಕಾಗದ, ಅವರ ದಾವೆ, ಎಲ್ಲ ಒಂದೇ ಮಾತಿಗೆ ಕುಸಿದುಬಿದ್ದಿತ್ತು. ಅವರು ಜಾಯ್ಸಳತ್ತ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಏನೆಂದು ತಿಳಿಯದಿದ್ದರೂ ಜಾಯ್ಸ್ ನಕ್ಕುಬಿಟ್ಟಳು.

“ಮರಣದ ಸರ್ಟಿಫಿಕೇಟ್ ಉಂಟಾ ನಿಮ್ಮ ಹತ್ತಿರ?”

“ಉಂಟು. ಎಂದಿನಾ ಚೇಚಿ? ಯಾಕೆ?”

ಹರಿಣಾಕ್ಷಿ ಚುಟುಕಾಗಿ ಹೇಳಿದರು. ಒಂದು ಸಿಡಿ, ಅರವತ್ತಮೂರನೇ ಲೂಪು, ಎಂಟು ಸೆಕೆಂಡಿನ ಇಡಕ್ಕ. ರಾಮದಾಸ ಎಂಬವರು ಅದನ್ನು ನಿಮ್ಮ ತಂದೆ ಬಾರಿಸಿದ್ದೆಂದು ಹೇಳುತ್ತಿದ್ದಾರೆ.

ಆ ಕಡೆ ಬೆರಳಿನಿಂದ ಏನನ್ನೋ ಐದು ಸಲ ತಟ್ಟಿದ ಸದ್ದು ಕೇಳಿಸಿತು.

“ಐದನೇ ಪೆಟ್ಟು ಜಾರ್ತದಾ?” ಎಂದು ಕೇಳಿದಳು ಮಂದಾಕಿನಿ.

“ಹೌದು.”

“ಅದು ಅಪ್ಪ ಅಲ್ಲ. ಅಪ್ಪನ ಕೋಲು ಜಾರುದಿಲ್ಲ. ಅದು ನಾನು.”

ಹರಿಣಾಕ್ಷಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದರು.

“ತೊಂಬತ್ತೊಂಬತ್ತರಲ್ಲಿ. ನನಗೆ ಆಗ ಇಪ್ಪತ್ತು. ಕಂಪನಿಯವರು ಅಪ್ಪನ್ನ ಕರೆದಿದ್ರು, ಜೊತೆಗೆ ನಾನೂ ಹೋಗಿದ್ದೆ. ಅಪ್ಪ ಚಾಯ ಕುಡೀಲಿಕ್ಕೆ ಹೋದಾಗ ನಾನು ಸುಮ್ಮನೆ ಬಾರಿಸಿ ನೋಡಿದ್ದು, ಪ್ರಾಕ್ಟೀಸ್. ಗಾಜಿನ ಆ ಕಡೆ ಮೆಷಿನ್ ಓಡ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೆಷಿನ್ ಹತ್ರ ಕೂತಿದ್ದವರು ರಾಮದಾಸ್ ಸಾರ್. ಅವರಿಗೆ ಚೆನ್ನಾಗಿ ಗೊತ್ತುಂಟು ಯಾರು ಬಾರಿಸಿದ್ದು ಅಂತ.”

“ಆಮೇಲೆ ನಿಮ್ಮಿಂದ ಒಪ್ಪಿಗೆ ಬರೆಸಿಕೊಂಡರಾ? ಒಂದು ಸೈನ್, ಏನಾದರೂ?”

“ಯಾರೂ ಒಂದು ಮಾತು ಕೇಳ್ಲಿಲ್ಲ. ಸಿಡಿ ಬಂದದ್ದೇ ನಾನು ಇವತ್ತು ನಿಮ್ಮಿಂದ ಕೇಳಿದ್ದು.”

ಹರಿಣಾಕ್ಷಿ ಜಾಯ್ಸಳಿಗೆ ಬೆನ್ನು ತಿರುಗಿಸಿದರು. ಮಾರುವ ಹಕ್ಕೇ ಇಲ್ಲದವರು ಮಾರಿದ ಸಿಡಿ. ಹಾಗಾದರೆ ಅದರೊಳಗಿನ ಅನುಮತಿಯ ಚೀಟಿ? ಜಾಯ್ಸಳನ್ನು ಉಳಿಸಬೇಕಿದ್ದ ಆ ಒಂದೇ ಕಾಗದ ಈಗ ಬರಿಯ ಕಾಗದ. ರಾಮದಾಸರನ್ನು ಸೋಲಿಸಲು ಈ ಹೆಂಗಸನ್ನು ಸಾಕ್ಷಿಯ ಕಟ್ಟೆ ಹತ್ತಿಸಬೇಕು. ಹತ್ತಿಸಿದರೆ ಅವಳ ಮೊದಲ ಮಾತಿಗೇ ಜಾಯ್ಸಳ ಹಾಡೂ ನಿಂತುಹೋಗಬಹುದು.

“ಚೇಚಿ,” ಎಂದಳು ಮಂದಾಕಿನಿ, “ರಾಮದಾಸ್ ಸಾರ್ ಮಾಡಿದ್ದು ತಿಳೀತು. ನಿಮ್ಮ ಹುಡುಗಿ ಏನು ಮಾಡಿದ್ದು, ಅದರಿಂದ?”

“ಒಂದು ಹಾಡು.”

“ಅವಳನ್ನೂ ಹಾಡನ್ನೂ ಕರ್ಕೊಂಡು ಇವತ್ತೇ ಬನ್ನಿ. ನನ್ನ ಕೈಯನ್ನ ಅವಳು ಏನು ಮಾಡಿದ್ದಾಳೆ ಅಂತ ನಾನು ಕೇಳಬೇಕು. ಕೇಳಿದ ಮೇಲೆ ಹೇಳ್ತೇನೆ, ನಾಳೆ ಕೋರ್ಟಿನಲ್ಲಿ ನಾನು ಯಾರ ಕಡೆ ನಿಲ್ಲುದು ಅಂತ. ಇಬ್ಬರ ಕಡೆಯೂ ನಿಲ್ಲದೆ ಇರಬಹುದು.”

ಫೋನು ಇಟ್ಟ ಸದ್ದಾಯಿತು.

“ಯಾರು ಮೇಡಂ?” ಜಾಯ್ಸ್ ಹತ್ತಿರ ಬಂದಿದ್ದಳು. “ಏನಂದ್ರು?”

“ನಿನ್ನ ಇಡಕ್ಕ ಬಾರಿಸಿದವರು. ತಿರುವನಂತಪುರದಲ್ಲಿ ಇದ್ದಾರೆ. ನಿನ್ನ ಹಾಡು ಕೇಳ್ಬೇಕಂತೆ, ಇವತ್ತೇ.”

“ನಿಜವಾಗ್ಲೂ?” ಜಾಯ್ಸಳ ಮುಖವೆಲ್ಲ ಬೆಳಗಿತು. “ಎರಡು ವರ್ಷದಿಂದ ಆ ಕೈ ಯಾರದಿರಬಹುದು ಅಂತ ಯೋಚನೆ ಮಾಡ್ತಿದ್ದೀನಿ ಮೇಡಂ. ಅವರಿಗೆ ಇಷ್ಟ ಆಗುತ್ತೆ. ಆಗೇ ಆಗುತ್ತೆ, ನೋಡ್ತಾ ಇರಿ.”

ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು, ಹೊರಡಲು ಎಂಜಿನ್ ಶುರುಮಾಡಿದ್ದ ದೋಣಿಯತ್ತ ಕೈಬೀಸುತ್ತ ಓಡಿದಳು. ಉಳಿದದ್ದನ್ನು ಹೇಳಲು ಹರಿಣಾಕ್ಷಿ ಬಾಯಿ ತೆರೆದರು. ಜಾಯ್ಸ್ ಆಗಲೇ ದೋಣಿಯೊಳಕ್ಕೆ ಹಾರಿ, ಅವರಿಗಾಗಿ ಕೈ ಚಾಚಿ ನಿಂತಿದ್ದಳು.